ದಂತವೈದ್ಯರು ಹೆಚ್ಚಾಗಿಲ್ಲ, ಹಳ್ಳಿಗೆ ತಲುಪಿಲ್ಲ

ದಂತವೈದ್ಯರು ಬೇಕಾದ್ದಕ್ಕಿಂತ ಹೆಚ್ಚಾಗಿದ್ದಾರೆ, ಹಳ್ಳಿಯವರಿಗೇ ಹಲ್ಲಿನ ಬಗ್ಗೆ ಕಾಳಜಿಯಿಲ್ಲ ಎಂಬ ಕಳೆದ ಸಂಚಿಕೆಯ ಲೇಖನದ ವಾದವನ್ನು ನಾನು ಒಪ್ಪಲಾರೆ.

ಕರ್ನಾಟಕದಲ್ಲಿ ದಂತ ಕಾಲೇಜುಗಳು ಬಹಳ ಇರುವುದು ನಿಜ. ಆದರೆ ಸರ್ಕಾರದವು ಬೆರಳೆಣಿಕೆಯಷ್ಟು. ಖಾಸಗಿಯಲ್ಲಿ ಲಕ್ಷಗಟ್ಟಲೆ ಶುಲ್ಕ ಕಟ್ಟಿ ಓದಿದವರು ಬೆಂಗಳೂರು, ಮೈಸೂರು, ಮಂಗಳೂರಿನಲ್ಲೇ ಕ್ಲಿನಿಕ್ ತೆರೆಯುತ್ತಾರೆ. ಅವರನ್ನು ದೂರಿ ಫಲವಿಲ್ಲ. ಸರ್ಕಾರ ಹುದ್ದೆಯನ್ನೇ ಸೃಷ್ಟಿಸದಿದ್ದರೆ ಹಳ್ಳಿಯಲ್ಲಿ ಅವರು ಬದುಕುವುದು ಹೇಗೆ?

ಸಾಮಾನ್ಯವಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಂತವೈದ್ಯರಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಹೋಗಿಬಂದರೆ ಕೃಷಿ ಕಾರ್ಮಿಕ ಮಹಿಳೆಗೆ ಆ ದಿನದ ಕೂಲಿ ಹೋಯಿತು. ರೂಟ್ ಕೆನಾಲ್‌ಗೆ ಹಲವು ಸಲ ಅಲೆಯಬೇಕು. ಹಾಗಾಗಿ ಲವಂಗ ಒತ್ತಿಕೊಂಡು ನೋವು ನುಂಗುತ್ತಾಳೆ, ಕೊನೆಗೆ ಉಳಿಸಬಹುದಾಗಿದ್ದ ಹಲ್ಲನ್ನೇ ಕೀಳಿಸುತ್ತಾಳೆ. ಇದನ್ನು ಅಸಡ್ಡೆ ಎನ್ನುವುದು ಅನ್ಯಾಯ. ಗುಟ್ಕಾ, ಹೊಗೆಸೊಪ್ಪು ಜಗಿಯುವವರ ಬಾಯೊಳಗಿನ ಬಿಳಿ ಮಚ್ಚೆಯನ್ನು ಗುರುತಿಸುವವರು ಹತ್ತಿರ ಇಲ್ಲದೆ, ಕ್ಯಾನ್ಸರ್ ಬಲಿತ ಮೇಲೆ ಕಿದ್ವಾಯಿ ಆಸ್ಪತ್ರೆಗೆ ಬರುವವರ ಗತಿಯೇನು?

ಈ ಕೊರತೆ ನೀಗಲು ದಂತವೈದ್ಯರೊಬ್ಬರೇ ದಾರಿಯಲ್ಲ. ನ್ಯೂಜಿಲೆಂಡ್ 1921ರಲ್ಲೇ ದಂತ ದಾದಿಯರಿಗೆ ತರಬೇತಿ ಕೊಟ್ಟು ಶಾಲೆಗಳಿಗೆ ಕಳಿಸಲು ಮುಂದಾಯಿತು. ನಮ್ಮ 1948ರ ದಂತವೈದ್ಯರ ಕಾಯ್ದೆಯೂ ಹಲ್ಲು ಶುಚಿಗೊಳಿಸುವ, ಬಾಯಿಯ ಶುಚಿತ್ವ ತಿಳಿಹೇಳುವ ಡೆಂಟಲ್ ಹೈಜೀನಿಸ್ಟರನ್ನು ಗುರುತಿಸಿತ್ತು. ಸರ್ಕಾರಿ ಆರೋಗ್ಯ ವ್ಯವಸ್ಥೆ ಮಾತ್ರ ಅವರನ್ನು ಸಾಕಷ್ಟು ಬಳಸಿಕೊಳ್ಳಲಿಲ್ಲ ಎನ್ನಬೇಕು. ಬಡ ವೃದ್ಧರಿಗೆ ಹಲ್ಲಿನ ಸೆಟ್ ಕೊಡುವ ದಂತಭಾಗ್ಯ ಒಳ್ಳೆಯ ಯೋಜನೆ, ಆದರೆ ಅದು ಹಲ್ಲೆಲ್ಲ ಹೋದ ಮೇಲಿನ ಮಾತು.

ದಂತ ಕಾಲೇಜುಗಳ ಸೀಟು ಕಡಿತದ ಚರ್ಚೆ ಆಮೇಲಿರಲಿ. ಆರೋಗ್ಯ ಇಲಾಖೆ ಮೊದಲು ಹೋಬಳಿಗೊಬ್ಬ ದಂತವೈದ್ಯರನ್ನೂ ಜೊತೆಗೆ ಹೈಜೀನಿಸ್ಟರನ್ನೂ ನೇಮಿಸಲಿ.