ಹಳೆ ಜಾವಾ ಮಾರುವವರು ಲೆಕ್ಕವನ್ನೂ ಕೊಡಲಿ

‘ಪೂರ್ತಿ ರಿಸ್ಟೋರ್ ಮಾಡಿದ ವಿಂಟೇಜ್ ಗಾಡಿ ಮಾರಾಟಕ್ಕಿದೆ’ ಎಂಬ ಜಾಹೀರಾತಿನ ಒಳಗೇ ಒಂದು ತೊಡಕಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ತಿದ್ದಿದ ಮೋಟಾರು ವಾಹನ ನಿಯಮಗಳ ಪ್ರಕಾರ, ವಿಂಟೇಜ್ ಅನ್ನಿಸಿಕೊಳ್ಳಲು ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಲ್ಲಿ ಮಾಡಿದ ಜಾವಾ ಈ ವಯಸ್ಸು ದಾಟಿದೆ. 1978ರಲ್ಲಿ ಬಂದ ಯೆಜ್ಡಿ ರೋಡ್‌ಕಿಂಗ್‌ಗೆ 2028ಕ್ಕೆ ಮುಂಚೆ ಆ ಪಟ್ಟ ಸಿಗುವುದೇ ಇಲ್ಲ. 20,000 ರೂಪಾಯಿ ಶುಲ್ಕ ಕಟ್ಟಿ ವಿಂಟೇಜ್ ನೋಂದಣಿ ಮಾಡಿಸಿದರೂ ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿಯಂಥ ಕೆಲಸಕ್ಕಷ್ಟೇ ಅದನ್ನು ರಸ್ತೆಗಿಳಿಸಬಹುದು. ವಾಡಿಯ ಸಿಮೆಂಟ್ ಕಾರ್ಖಾನೆಗೆ ಶಿಫ್ಟಿಗೆ ಹೋಗುವವರಿಗೆ, ಶಹಾಬಾದಿನ ಕಲ್ಲಿನ ಗಣಿಗೆ ದಿನವೂ ಓಡಾಡುವವರಿಗೆ ಅಂಥ ನಂಬರ್ ಪ್ಲೇಟ್ ಹೊರೆಯೇ. ಆದ್ದರಿಂದ ನಮ್ಮ ಕಡೆ ವ್ಯಾಪಾರ ಕುದುರಬೇಕಾದ್ದು ‘ವಿಂಟೇಜ್’ ಎಂಬ ಹೆಸರಿನ ಮೇಲಲ್ಲ, ಟ್ಯಾಂಕಿನ ಹೊಳಪಿನ ಮೇಲೂ ಅಲ್ಲ. ಗಾಡಿಯಲ್ಲಿ ಮೂಲದ್ದೆಷ್ಟು, ಹೊಸದೆಷ್ಟು ಎಂಬ ಬರಹದ ಲೆಕ್ಕದ ಮೇಲೆ.

ಎಲ್ಲ ಬಿಚ್ಚಿ ಹೇಳಿದರೆ ಬೆಲೆ ಬೀಳುತ್ತದೆ ಎನ್ನುವವರಿದ್ದಾರೆ. ಕೆಲವು ಗಾಡಿಗಳಿಗೆ ಬೀಳಲೂಬಹುದು, ಬೀಳಬೇಕಾದ್ದೇ. ಆದರೆ 1996ರಲ್ಲಿ ಮುಚ್ಚಿದ ಕಾರ್ಖಾನೆಯ ಗಾಡಿಗೆ ಹೊಸ ಬಿಡಿಭಾಗ ಹಾಕದೆ ಗತಿಯಿಲ್ಲ. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಪೆಟ್ರೋಲಿಗೆ ಬೆರೆಸಿದ ಆಯಿಲೇ ಕ್ರ್ಯಾಂಕಿನ ಬೇರಿಂಗಿಗೂ ಆಧಾರ. ಮಿಶ್ರಣ ತಪ್ಪಿದ್ದರೆ ಒಳಗೆ ಸವೆತ ಖಂಡಿತ. ಬೋರ್ ಮಾಡಿಸಿ ಪಿಸ್ಟನ್, ಸೀಲು ಬದಲಿಸಿದ್ದರೆ ಅದನ್ನು ಮುಚ್ಚಿಡುವುದೇಕೆ? ಬಿಲ್ಲಿನ ಸಮೇತ ತೋರಿಸಿದರೆ ಅದೇ ಗಾಡಿಯ ಬಲ. ಮುಚ್ಚಿಡುವಂಥದ್ದು ಬೇರೆ ಇರುತ್ತದೆ: ಇನ್ನೊಂದು ಗಾಡಿಯಿಂದ ತಂದ ಎಂಜಿನ್, ದಪ್ಪ ಪೇಂಟಿನಡಿ ಮಸುಕಾದ ಚಾಸಿಸ್ ನಂಬರು. ಪೇಂಟಿಗೆ ಮುಂಚೆ ತೆಗೆದ ನಾಲ್ಕು ಫೋಟೋ ಇಲ್ಲಿ ಮಾರುವವರ ಮಾನವನ್ನೂ ಕಾಯುತ್ತವೆ. ಇನ್ನು, ಖರ್ಚು ಮಾಡಿದ ಹಣವೆಲ್ಲ ವಾಪಸ್ ಬರಲೇಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಕ್ರೋಮಿಗೆ ಸುರಿದದ್ದು ಯಜಮಾನರ ಹವ್ಯಾಸದ ಖರ್ಚು. ಆ ಸುಖ ಅವರು ಆಗಲೇ ಉಂಡಾಗಿದೆ.

ಪರಿಚಯದವರ ನಡುವಿನ ವ್ಯಾಪಾರಕ್ಕೆ ಕಾಗದ ಯಾಕೆ ಎಂಬುದು ಚಿತ್ತಾಪುರದಂಥ ಊರಲ್ಲಿ ಸಹಜವಾಗಿ ಏಳುವ ಪ್ರಶ್ನೆ. ಉತ್ತರ ಸುಪ್ರೀಂ ಕೋರ್ಟಿನ 2018ರ ತೀರ್ಪಿನಲ್ಲಿದೆ: ಗಾಡಿ ಕೈ ಬದಲಾಯಿಸಿದ್ದರೂ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆ ಅವರದ್ದೇ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಸೇಡಂ, ಚಿಂಚೋಳಿಯ ಗಾಡಿ ತಾಂಡೂರಿಗೆ ಹೋದರೆ ಅದು ತೆಲಂಗಾಣ. ಆಗ 45 ದಿನದೊಳಗೆ ಎನ್‌ಒಸಿಯನ್ನೂ ಒದಗಿಸಬೇಕು. ಆರ್‌ಸಿ ಸತ್ತವರ ಹೆಸರಲ್ಲೇ ಉಳಿದಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಿಕೊಂಡು ಆಮೇಲೆ ಪೇಂಟಿನ ಅಂಗಡಿಗೆ ಹೋಗುವುದೇ ಸರಿಯಾದ ಕ್ರಮ.