ಗಾಯಕ್ಕೆ ಹೊಲಿಗೆ ಹಾಕಿದರೆ ಸಾಲದು

“ನಳದ ಹತ್ತಿರ ಜಾರಿ ಬಿದ್ದಳು, ಡಾಕ್ಟರ್ ಸಾಹೇಬ್.” ಪುಣೆಯ ದವಾಖಾನೆಗಳಿಗೆ ಈ ಮಾತು ಹೊಸದಲ್ಲ. ಹೇಳುವವನು ಗಂಡ. ಪಕ್ಕದಲ್ಲಿ ಸೆರಗು ಮರೆಮಾಡಿಕೊಂಡು ಕುಳಿತವಳು ವಿಜಾಪುರದ ಕಡೆಯಿಂದಲೋ ಕಲಬುರ್ಗಿಯ ಕಡೆಯಿಂದಲೋ ಬಂದ ನಮ್ಮ ಹೆಣ್ಣುಮಗಳು. ಆಕೆಗೆ ಮರಾಠಿ ಬಾರದು. ಡಾಕ್ಟರರಿಗೆ ಕನ್ನಡ ಬಾರದು. ನಡುವೆ ದುಭಾಷಿ ಯಾರು? ಹೊಡೆದವನೇ! ಇನ್ನು ಸತ್ಯ ಹೊರಬೀಳುವುದೆಂತು?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಡಾಕ್ಟರರು ಕೈತೊಳೆದುಕೊಳ್ಳುತ್ತಾರೆ. ಉಂಡು ಮಲಗಿದವಳು ಬೆಳಿಗ್ಗೆ ಏಳದಿದ್ದರೆ? ಇದು ಓದುಬರಹವಿಲ್ಲದವರ ರೋಗವೆಂದು ಮೂಗು ಮುರಿಯುವವರೂ ಇದ್ದಾರೆ. 1886ರಲ್ಲಿ ಅಮೆರಿಕೆಯಲ್ಲಿ ವೈದ್ಯಕೀಯ ಪದವಿ ಪಡೆದು, 1887ರಲ್ಲಿ ಇದೇ ಪುಣೆಯಲ್ಲಿ ಕಣ್ಣುಮುಚ್ಚಿದ ಡಾ. ಆನಂದೀಬಾಯಿ ಜೋಶಿಯವರೇ ಎಳವೆಯಲ್ಲಿ ಗಂಡನ ಪೆಟ್ಟು ತಿಂದವರು. ಅದನ್ನು ಅವರು ಗಂಡನಿಗೇ ಪತ್ರದಲ್ಲಿ ಬರೆದಿದ್ದಾರೆ. ಹೆಂಡತಿಯನ್ನು ಓದಿಸಿದವನೂ ಅವನೇ, ಹೊಡೆದವನೂ ಅವನೇ!

ಗುರುತಿಸುವುದು ಕಷ್ಟವಲ್ಲ. ಹೇಳಿದ ಕಥೆಗೂ ಗಾಯಕ್ಕೂ ತಾಳೆಯಾಗದು. ಹಳೆಯ ಕಲೆಯ ಪಕ್ಕದಲ್ಲೇ ಹೊಸ ಬಾವು. ಪೆಟ್ಟು ತಡೆಯಲು ಎತ್ತಿದ ಮುಂಗೈಗೆ ಏಟು. ಬಸುರಿಯ ಹೊಟ್ಟೆಗೆ ಏಟು. ಮತ್ತೆ ಮತ್ತೆ ತಲೆನೋವು, ನಿದ್ರೆಗೇಡು. ಕುತ್ತಿಗೆ ಹಿಸುಕಿದ್ದರೆ ಮೇಲೆ ಗುರುತೇ ಇರದಿರಬಹುದು, ಅಪಾಯ ಮಾತ್ರ ಪ್ರಾಣದ್ದು. ಪ್ರಶ್ನೆ ಹೆಂಡತಿಗೆ, ಉತ್ತರ ಗಂಡನದು ಎಂದಾದಾಗಲೇ ಡಾಕ್ಟರರ ಕಿವಿ ನೆಟ್ಟಗಾಗಬೇಕು.

ಆಗ ಮಾಡಬೇಕಾದದ್ದು ಇಷ್ಟೇ: ಗಂಡನನ್ನು ಹೊರಗೆ ಕೂರಿಸಿ, ಕನ್ನಡ ಬಲ್ಲ ದಾದಿಯನ್ನೋ ಆಯಾಳನ್ನೋ ಕರೆದು, “ಮನೆಯಲ್ಲಿ ಯಾರಾದರೂ ಹೊಡೆದರೇನಮ್ಮಾ?” ಎಂದು ಮೆಲ್ಲಗೆ ಕೇಳುವುದು. ಹೇಳಿದರೆ ನಂಬುವುದು, ಹೇಳದಿದ್ದರೆ ಬಲವಂತ ಮಾಡದಿರುವುದು. ಆಕೆಯ ಮಾತನ್ನು ಗಂಡನ ಕಿವಿಗೆ ಹಾಕಲೇಬಾರದು. ಗಾಯದ ಅಳತೆ, ಜಾಗ, ಆಕೆ ಹೇಳಿದ ಕಾರಣ ಎಲ್ಲವನ್ನೂ ಬರೆದಿಡಬೇಕು. ಈ ರಾತ್ರಿ ಮನೆಗೆ ಹೋಗಲು ಭಯವಿದೆಯೇ ಎಂದು ಕೇಳಬೇಕು. 181 ಎಂಬ ಮಹಿಳಾ ಸಹಾಯವಾಣಿಯ ಸಂಖ್ಯೆಯನ್ನು ಬಾಯಿಪಾಠ ಮಾಡಿಸಬೇಕು. ಚೀಟಿ ಕೊಟ್ಟರೆ ಗಂಡನ ಕೈಗೆ ಸಿಕ್ಕೀತು.

ಇದು ದಯೆಯ ಮಾತಲ್ಲ, ಕರ್ತವ್ಯದ ಮಾತು. 2006ರಲ್ಲಿ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ಕಾಯಿದೆಯ ಪ್ರಕಾರ, ದೂರು ದಾಖಲಾಗಿಲ್ಲವೆಂಬ ನೆಪದಿಂದ ಚಿಕಿತ್ಸೆ ನಿರಾಕರಿಸುವಂತಿಲ್ಲ. ತಪಾಸಣೆಯ ವರದಿಯ ಪ್ರತಿಯನ್ನು ಆಕೆಗೆ ಪುಕ್ಕಟೆಯಾಗಿ ಕೊಡಬೇಕು. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000-01ರಷ್ಟು ಹಿಂದೆಯೇ ‘ದಿಲಾಸಾ’ ಎಂಬ ಕೇಂದ್ರ ಇಂಥ ಹೆಂಗಸರಿಗಾಗಿಯೇ ತೆರೆಯಿತು. ನಗರಪಾಲಿಕೆಯ ಆಸ್ಪತ್ರೆಗೆ ಸಾಧ್ಯವಾದದ್ದು ಉಳಿದವರಿಗೇಕೆ ಅಸಾಧ್ಯ?

ಬಾಂಧವರೇ, ಡಾಕ್ಟರರನ್ನು ದೂರಿ ನಾವು ಪಾರಾಗಲಾರೆವು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನ ಹಿಂಸೆ ಕಂಡವರು. ಕನ್ನಡಿಗರಿಗೆ ಇದು ತಲೆತಗ್ಗಿಸುವ ಸಂಗತಿ. ಮಾಲೀಕ ಕೈ ಎತ್ತಿದರೆ ಸಂಘಕ್ಕೆ ಓಡಿಬರುವ ನಾವು, ಮನೆಯಲ್ಲಿ ನಾವೇ ಮಾಲೀಕರಾಗಿ ಕೈ ಎತ್ತುವುದು ಯಾವ ನ್ಯಾಯ?

ಚಾಳಿನಲ್ಲಿ ಕೂಗು ಕೇಳಿದಾಗ ಬಾಗಿಲು ಹಾಕಿಕೊಳ್ಳಬೇಡಿ. ಎರಡೂ ಭಾಷೆ ಬಲ್ಲ ಅಕ್ಕತಂಗಿಯರೇ, ಆಕೆಯ ಜೊತೆ ದವಾಖಾನೆಗೆ ನಡೆಯಿರಿ, ಆಕೆಯ ಮಾತನ್ನು ಆಕೆಯ ಮಾತಾಗಿಯೇ ಹೇಳಿರಿ. ಡಾಕ್ಟರರೇ, ನಿಮ್ಮಿಂದ ನಾವು ಕೇಳುವುದು ಒಂದೇ: ಹೊಲಿಗೆ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿರಿ, ಅವಳೊಬ್ಬಳನ್ನೇ ಕೇಳಿರಿ.