ಜೋ ಜಾಕ್ಸನ್ ಹಾಕಿದ ಸಹಿ

ಅಂಚೆಚೀಟಿ, ಹಳೆಯ ನಾಣ್ಯ ಕೂಡಿಡುವವರು ನಿಮ್ಮ ಮನೆಯಲ್ಲೂ ಇರಬಹುದು. ಅಮೆರಿಕದಲ್ಲಿ ಹಳೆಯ ಬೇಸ್‌ಬಾಲ್ ಆಟಗಾರರ ಸಹಿ ಇರುವ ಕಾಗದಗಳನ್ನು ಹುಡುಕಿ ಕೂಡಿಡುವವರಿದ್ದಾರೆ. ಚೆಕ್ಕು, ಕರಾರು ಪತ್ರ, ಉಯಿಲು, ಯಾವುದಾದರೂ ಸರಿ, ಸಹಿ ಆಟಗಾರನದೇ ಆಗಿರಬೇಕು. ವರ್ಷಗಟ್ಟಲೆ ಬ್ಯಾಂಕಿನಲ್ಲಿ ಚೆಕ್ಕಿನ ಸಹಿಯನ್ನು ಮಾದರಿ ಸಹಿಯ ಪಕ್ಕದಲ್ಲಿಟ್ಟು ನೋಡಿದ ನನಗೆ ಈ ಹವ್ಯಾಸ ಹಿಡಿಸದೆ ಇದ್ದೀತೇ?

ಇವರ ಪಾಲಿಗೆ ಬಲು ದುರ್ಲಭವಾದದ್ದು ಜೋ ಜಾಕ್ಸನ್‌ನ ಸಹಿ. ಕಾನೂನು ಪತ್ರವೊಂದರಿಂದ ಕತ್ತರಿಸಿ ತೆಗೆದ ಅವನ ಒಂದು ಸಹಿ 1990ರಲ್ಲಿ 23,100 ಡಾಲರಿಗೆ ಮಾರಾಟವಾಯಿತು. (ಪತ್ರಕ್ಕೆ ಕತ್ತರಿ ಹಾಕಿದ ಮಹಾನುಭಾವನ ಮೇಲೆ ನನಗಿನ್ನೂ ಸಿಟ್ಟಿದೆ.)

ಇಷ್ಟೊಂದು ಬೆಲೆ ಯಾಕೆಂದರೆ, ಜಾಕ್ಸನ್‌ಗೆ ಓದು ಬರಹ ಬರುತ್ತಿರಲಿಲ್ಲ. ದಕ್ಷಿಣ ಕ್ಯಾರೊಲಿನಾದ ಈ ಹುಡುಗ ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಟ್ಟೆ ಗಿರಣಿಗೆ ದುಡಿಯಲು ಹೋದ. ಬ್ಯಾಟು ಹಿಡಿದರೆ ಮಾತ್ರ, ಬೇಬ್ ರೂತ್‌ನಂಥವನೇ ನೋಡಿ ಕಲಿತ ಹೊಡೆತ! ಅಭಿಮಾನಿಗಳು ಸಹಿ ಕೇಳಿದರೆ ಅವನ ಹೆಸರನ್ನು ಹೆಂಡತಿ ಕೇಟಿ ಬರೆದುಕೊಡುತ್ತಿದ್ದಳು. ನಮ್ಮ ಕೌಂಟರಿನಲ್ಲಾಗಿದ್ದರೆ ಅಂಥ ಚೆಕ್ಕು ವಾಪಸು ಹೋಗುತ್ತಿತ್ತು. ತಾನೇ ಸಹಿ ಹಾಕಲೇಬೇಕಾದ ಕಡೆ ಮಾತ್ರ ಜೋ ಚಿತ್ರ ಬಿಡಿಸಿದ ಹಾಗೆ ಅಕ್ಷರಗಳನ್ನು ಕಷ್ಟಪಟ್ಟು ಬರೆಯುತ್ತಿದ್ದ.

1920ರಲ್ಲಿ ಶಿಕಾಗೊ ತಂಡದ ಕಾರ್ಯದರ್ಶಿ ತಂದ ಮೂರು ವರ್ಷದ ಕರಾರಿಗೆ ಅವನು ಸಹಿ ಹಾಕಿದ. ಸಂಬಳ ವರ್ಷಕ್ಕೆ 8,000 ಡಾಲರು. ಹತ್ತು ದಿನದ ನೋಟಿಸು ಕೊಟ್ಟು ಆಟಗಾರನನ್ನು ತೆಗೆದುಹಾಕುವ ಷರತ್ತೂ ಅದರಲ್ಲಿತ್ತು. ಅದು ಇಲ್ಲವೆಂದೇ ತನಗೆ ಹೇಳಿದ್ದರು, ಓದಿ ಹೇಳಲು ಕೇಟಿ ಪಕ್ಕದಲ್ಲಿರಲಿಲ್ಲ ಎಂದು ಜೋ ಆಮೇಲೆ ದೂರಿದ. ತಂಡದವರು ಅಲ್ಲವೆಂದರು. ನಮ್ಮಲ್ಲಿ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವಾಗ, ‘ಓದಿ ಹೇಳಿ ತಿಳಿಸಲಾಗಿದೆ’ ಎಂದು ಬರೆದು ಸಾಕ್ಷಿಯ ಸಹಿ ಹಾಕಿಸುತ್ತಿದ್ದೆವು. ಹೆಸರು ಬರೆಯಬಲ್ಲವನಿಗೆ ಆ ರಕ್ಷಣೆಯೂ ಇಲ್ಲ, ನೋಡಿ.

1919ರ ವರ್ಲ್ಡ್ ಸೀರೀಸನ್ನು ದುಡ್ಡಿಗಾಗಿ ಸೋತರೆಂಬ ಹಗರಣ ಅದೇ ವರ್ಷ ಬಯಲಾಯಿತು. 5,000 ಡಾಲರು ಕೈಸೇರಿತ್ತೆಂದು ಜೋ ಗ್ರ್ಯಾಂಡ್ ಜ್ಯೂರಿಯ ಮುಂದೆ ಹೇಳಿದ. ಅದಕ್ಕೂ ಮೊದಲು ಅವನಿಂದ ಇನ್ನೊಂದು ಸಹಿ ಪಡೆದಿದ್ದರು: ತಾನು ಹೇಳಿದ್ದನ್ನು ತನ್ನ ವಿರುದ್ಧವೇ ಬಳಸಬಹುದು ಎಂಬ ಪತ್ರಕ್ಕೆ. 1921ರಲ್ಲಿ ನ್ಯಾಯಾಲಯ ನಿರ್ದೋಷಿ ಎಂದಿತು; ಮರುದಿನವೇ ಬೇಸ್‌ಬಾಲ್ ಕಮಿಷನರ್ ಅವನನ್ನೂ ಇತರ ಏಳು ಮಂದಿಯನ್ನೂ ಆಟದಿಂದ ಹೊರಹಾಕಿದರು. ಉಳಿದ ಸಂಬಳಕ್ಕಾಗಿ ಜೋ ಹೂಡಿದ ದಾವೆ 1924ರಲ್ಲಿ ವಿಚಾರಣೆಗೆ ಬಂದಾಗ, ಕಾಣೆಯಾಗಿದ್ದ ಆ ಹೇಳಿಕೆಯ ಪ್ರತಿ ತಂಡದ ವಕೀಲರ ಚೀಲದಿಂದ ಹೊರಬಂತು! ಜ್ಯೂರಿ ಅವನ ಪರ ತೀರ್ಪು ಕೊಟ್ಟರೂ ನ್ಯಾಯಾಧೀಶರು ಅದನ್ನು ತಳ್ಳಿಹಾಕಿದರು.

ಜೋ 1951ರಲ್ಲಿ ತೀರಿಕೊಂಡ. ಅವನ ಸಹಿ ಇರುವ ಉಯಿಲು ತಮಗೆ ಸೇರಬೇಕೆಂದು, ಕೇಟಿಯ ಆಸ್ತಿಗೆ ವಾರಸುದಾರರಾದ ಸಂಸ್ಥೆಗಳು ಮುಂದೆ ಕೋರ್ಟಿಗೆ ಹೋದವು. ಸಂಗ್ರಾಹಕರೂ ಕಾದಿದ್ದಿರಬೇಕು. ಅದು ಸಾರ್ವಜನಿಕ ದಾಖಲೆ, ಕೊಡಲಾಗದು ಎಂದಿತು ಕೋರ್ಟು. ಆ ಕಾಗದಕ್ಕೆ ಕತ್ತರಿ ಬೀಳಲಿಲ್ಲ.